ಖಾಲಿ ಜಾಗದ ತಜ್ಞರು

ನಮ್ಮ ಭಾವನವರ ಗೇಟಿನ ಮೇಲೆ ಬೋರ್ಡು ಹತ್ತಿದ ದಿನ ಬೀದಿಗೆ ಬೀದಿಯೇ ಬೆಚ್ಚಿಬಿದ್ದಿತು. ನೀಲಿ ಹಲಗೆ, ಬಿಳಿ ಅಕ್ಷರ. ಮೊದಲ ಸಾಲಿನಲ್ಲಿ ‘ಡಾಕ್ಟರ್’ ಎಂದು ಬರೆಸಿ ಮುಂದೆ ಮಗನ ಹೆಸರು ಹಾಕಿಸಿದ್ದರು. ಎರಡನೆಯ ಸಾಲಿನಲ್ಲಿ ಒಂದು ಗೇಣು ಜಾಗ ಖಾಲಿ ಬಿಟ್ಟು, ಕೊನೆಗೆ ‘ತಜ್ಞರು’ ಎಂದು ಮುಗಿಸಿದ್ದರು. ಯಾವುದರ ತಜ್ಞರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ತಜ್ಞರಾಗುವುದಂತೂ ಖಂಡಿತ, ಅಷ್ಟನ್ನಾದರೂ ಬರೆಸಿಬಿಡೋಣ ಎಂದು ಭಾವನವರ ಲೆಕ್ಕಾಚಾರ.

ಭಾವನವರದು ಬಟ್ಟೆ ಅಂಗಡಿ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಥಾನು ಬಿಚ್ಚಿ ಹರಡುವುದು ಅವರ ವ್ಯಾಪಾರದ ಗುಟ್ಟು. ಮಗನ ವಿಷಯದಲ್ಲೂ ಹಾಗೇ ಮಾಡಿದರು. ನಾನು ಅವರ ಹೆಂಡತಿಯ ತಮ್ಮ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ, ಅದೇ ಮನೆಯ ಮಹಡಿಯ ಮೇಲಿರುವವನು. ಕೆಳಗೆ ಏನೇ ಆದರೂ ಮೊದಲು ನನ್ನನ್ನೇ ಕೂಗುತ್ತಾರೆ. ಆದ್ದರಿಂದ ನಾನಿಲ್ಲಿ ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಒಂದೊಂದು ಸಲ ಕೈಯಾರೆ ಎತ್ತಿಕೊಂಡು ಓಡಿದ್ದು.

ಹುಡುಗನನ್ನು ಬೀದಿಯವರು ಮರಿ ಡಾಕ್ಟರು ಎನ್ನುತ್ತಾರೆ, ಮನೆಯಲ್ಲಿ ಪುಟ್ಟ ಎನ್ನುತ್ತಾರೆ. ಡಾಕ್ಟರಿಕೆ ಓದಿ ಮುಗಿಸಿ, ಆಸ್ಪತ್ರೆಯಲ್ಲಿ ಒಂದು ವರ್ಷ ಹಗಲಿರುಳು ದುಡಿದು, ಮುಂದಿನ ಓದಿಗೆ ಪರೀಕ್ಷೆಯನ್ನೂ ಬರೆದಿದ್ದ. ಅಲ್ಲಿ ಬಂದ ರ‍್ಯಾಂಕೇ ಅವನಿಗೆ ಮುಳುವಾಯಿತು. ತೀರ ಮೇಲಿನ ರ‍್ಯಾಂಕಾಗಿದ್ದರೆ ಎಲ್ಲರೂ ಮುಗಿಬೀಳುವ ಸೀಟನ್ನೇ ಹಿಡಿದು ನೆಮ್ಮದಿಯಾಗಿರಬಹುದಿತ್ತು. ತೀರ ಕೆಳಗಿನದಾಗಿದ್ದರೆ ಉಳಿದದ್ದನ್ನು ತಲೆಬಾಗಿ ಸ್ವೀಕರಿಸಬಹುದಿತ್ತು. ಇವನದು ನಟ್ಟನಡುವೆ. ಎಲ್ಲ ಬಾಗಿಲೂ ಅರ್ಧ ತೆರೆದಿದ್ದವು. ಸೀಟು ಆರಿಸುವ ದಿನ ಮೆಡಿಕಲ್ ಕಾಲೇಜಿನ ದೊಡ್ಡ ಹಾಲಿನಲ್ಲಿ ನಂಬರು ಕೂಗುತ್ತಾರೆ. ಕೂಗಿದಾಗ ಎದ್ದು ಹೋಗಿ ಇಂಥ ವಿಭಾಗ ಎಂದು ಹೇಳಬೇಕು. ಹೇಳದಿದ್ದರೆ ಸರದಿ ಹೋಯಿತು, ಅದರ ಜೊತೆಗೆ ವರ್ಷವೂ ಹೋಯಿತು. ಒಮ್ಮೆ ಹೇಳಿದ ಮೇಲೆ ಸಾಯುವವರೆಗೂ ಅದೇ ಭಾಗ. ಒಂದು ಜೊತೆ ಚಪ್ಪಲಿ ಕೊಳ್ಳುವುದಕ್ಕೆ ಮೂರು ಸಂಜೆ ತೆಗೆದುಕೊಂಡು, ಕೊನೆಗೆ ಹಳೆಯದನ್ನೇ ಹೊಲಿಸಿಕೊಂಡು ಬರುವ ಹುಡುಗ ಅವನು. ಅಂಥವನ ಮುಂದೆ ಇಡೀ ಮನುಷ್ಯನನ್ನು ಮಲಗಿಸಿ, ಇದರಲ್ಲಿ ಯಾವುದು ಬೇಕು ಆರಿಸಿಕೋ ಎಂದರೆ ಅವನ ಗತಿ ಏನಾಗಬೇಕು?

ಮನೆಯವರು ಸಹಾಯಕ್ಕೆ ನಿಂತರು. ಕೆಟ್ಟದ್ದು ಅಲ್ಲೇ.

“ಹಾರ್ಟು,” ಎಂದರು ಭಾವ. “ಎರಡು ಮಾತೇ ಇಲ್ಲ. ಬೋರ್ಡಲ್ಲಿ ಜಾಗ ಅಳತೆ ಮಾಡ್ಸೇ ಬಿಟ್ಟಿರೋದು. ‘ಹೃದಯ’ ಅಂತ ಬರೆದ್ರೆ ಹೊಲಿಸಿದ ಹಾಗೆ ಕೂರುತ್ತೆ.”

“ಹಾರ್ಟ್ ಡಾಕ್ಟರಿಗೆ ರಾತ್ರಿಯೆಲ್ಲಾ ಫೋನ್ ಬರುತ್ತಂತೆ ಕಣ್ರೀ,” ಎಂದಳು ಅಕ್ಕ. “ಪುಟ್ಟ, ನೀನು ಚರ್ಮದ್ದು ತಗೋ. ತುರಿಕೆ ಬಂದೋರು ಬೆಳಗಾಗೋವರೆಗೂ ಕೆರ್ಕೊಂಡು ಕಾಯ್ತಾರೆ. ನಿನಗೆ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗುತ್ತೆ.”

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. “ಮೆದುಳು ತಗೊಳ್ಳಪ್ಪ. ಇಷ್ಟು ವರ್ಷ ಪಾಠ ಮಾಡಿದ ಅನುಭವದಲ್ಲಿ ಹೇಳ್ತೀನಿ, ಜನಕ್ಕೆ ತೊಂದರೆ ಇರೋದೇ ಅಲ್ಲಿ.”

ನಾನು ಮಾತ್ರ ಯಾವ ಸ್ವಾರ್ಥವೂ ಇಲ್ಲದೆ ಮೂತ್ರಪಿಂಡ ಎಂದೆ. ನನ್ನ ಹೊಟ್ಟೆಯಲ್ಲಿ ಒಂದು ಕಲ್ಲಿರುವುದಕ್ಕೂ ನಾನು ಹಾಗೆಂದದ್ದಕ್ಕೂ ಏನೇನೂ ಸಂಬಂಧವಿಲ್ಲ.

ಮೂಲೆಯ ಕುರ್ಚಿಯಿಂದ ಅಜ್ಜಿ, ಅಂದರೆ ಭಾವನವರ ತಾಯಿ, ಕಾಲು ನೀವಿಕೊಳ್ಳುತ್ತ ಹೇಳಿದರು: “ಏನಾದ್ರೂ ತಗೊಳ್ಳಿ. ಮೊದಲು ನನ್ನ ಮಂಡಿ ಒಂದು ಸಲ ನೋಡೋ ಪುಟ್ಟ.”

“ಆಮೇಲೆ ನೋಡ್ತೀನಿ ಅಜ್ಜಿ.”

ಈ ‘ಆಮೇಲೆ’ ಹುಡುಗ ಕಾಲೇಜಿಗೆ ಸೇರಿದ ವರ್ಷದಿಂದ ನಡೆದು ಬಂದಿತ್ತು.

ಹುಡುಗ ಭಾವನವರನ್ನು ಕೂರಿಸಿಕೊಂಡು ವಿವರಿಸಿದ. ಹೃದಯ ನೇರವಾಗಿ ಸಿಕ್ಕುವುದಿಲ್ಲ. ಮೊದಲು ಮೆಡಿಸಿನ್ ಎಂದು ಮೂರು ವರ್ಷ ಓದಬೇಕು, ಅದಾದ ಮೇಲೆ ಇನ್ನೊಂದು ಪರೀಕ್ಷೆ ಬರೆದು ಹೃದಯಕ್ಕೆ ಮತ್ತೆ ಮೂರು ವರ್ಷ. ಭಾವ ದಂಗಾಗಿ ಹೋದರು. “ಅಲ್ಲಿವರೆಗೂ ಬೋರ್ಡಿನ ಬಣ್ಣ ಉಳಿಯುತ್ತೇನೋ?” ಎಂದರು.

ಕೊನೆಗೆ ಹುಡುಗ ತಾನೇ ಒಂದು ದಾರಿ ಹುಡುಕಿದ. ಸೀಟಿನ ದಿನ ಬರುವುದರೊಳಗೆ ಒಂದೊಂದು ವಿಭಾಗದ ದೊಡ್ಡ ಡಾಕ್ಟರ ಪಕ್ಕದಲ್ಲಿ ಕೆಲವು ದಿನ ಕೂತು ನೋಡುವುದು, ಯಾವುದು ಮನಸ್ಸಿಗೆ ಹಿಡಿಸುತ್ತದೋ ಅದನ್ನು ತೆಗೆದುಕೊಳ್ಳುವುದು. ಕೇಳಿದವರೆಲ್ಲ ಭೇಷ್ ಎಂದರು. ಆದರೆ ಪ್ರತಿಯೊಂದು ವಿಭಾಗವೂ ಮನಸ್ಸಿಗೆ ಹಿಡಿಸುವ ಮೊದಲು ಅವನ ಮೈಗೇ ಹಿಡಿಯುತ್ತದೆ ಎಂದು ಯಾರು ತಾನೇ ಕಂಡಿದ್ದರು?

ಮೊದಲು ಹೃದಯ. ಅಲ್ಲಿಗೆ ಹೋಗತೊಡಗಿದ ವಾರದಲ್ಲೇ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಹುಡುಗ ಎಡಗೈಯ ಮಣಿಕಟ್ಟು ಹಿಡಿದುಕೊಂಡು ಕಲ್ಲಿನಂತೆ ಕೂತುಬಿಟ್ಟ.

“ಯಾರೂ ಮಾತಾಡ್ಬೇಡಿ. ಒಂದು ಬಡಿತ ತಪ್ಪಿತು.”

ಅಕ್ಕನ ಕೈಯಿಂದ ಸೌಟು ಬಿತ್ತು. ಭಾವ ಬಾಯಲ್ಲಿದ್ದ ತುತ್ತನ್ನು ನುಂಗುವುದೋ ಬಿಡುವುದೋ ತಿಳಿಯದೆ ಕಣ್ಣು ಮೇಲೆ ಮಾಡಿದರು. ಬಾಡಿಗೆ ಕಾರು ಬಂತು, ಹುಡುಗನನ್ನು ಅಡ್ಡಡ್ಡ ಮಲಗಿಸಿದೆವು, ಅವನ ತಲೆ ನನ್ನ ತೊಡೆಯ ಮೇಲೆ, ಕಾಲು ಭಾವನವರ ತೊಡೆಯ ಮೇಲೆ. ದೊಡ್ಡ ಡಾಕ್ಟರು ಎದೆಗೆ ತಂತಿ ಹಚ್ಚಿ, ಬಂದ ಗೆರೆಗಳನ್ನು ಕನ್ನಡಕ ಹಾಕಿ ಒಂದು ಸಲ, ತೆಗೆದು ಒಂದು ಸಲ ನೋಡಿದರು. “ಈ ಹಾರ್ಟನ್ನ ಪಾಠಕ್ಕೆ ಇಟ್ಕೋಬಹುದು. ಅಷ್ಟು ಚೆನ್ನಾಗಿದೆ,” ಎಂದರು. ಪಕ್ಕದಲ್ಲಿ ಬೆವರುತ್ತ ನಿಂತಿದ್ದ ಭಾವನವರಿಗೇ ಅವತ್ತು ಒಂದು ಮಾತ್ರೆ ಕೊಟ್ಟು ಕಳಿಸಿದರು.

ಆಮೇಲೆ ಮೂತ್ರಪಿಂಡ. ತನ್ನದು ಎರಡೂ ಕೈಕೊಡುತ್ತಿವೆ ಎಂದು ನಂಬಿ ಹುಡುಗ ನೀರು ಕುಡಿಯಲು ಶುರುಮಾಡಿದ. ಲೋಟ ಹೋಗಿ ಚೆಂಬು ಬಂತು, ಚೆಂಬು ಹೋಗಿ ಬಿಂದಿಗೆ ಬಂತು. ಮೇಲಿನ ನನ್ನ ನಲ್ಲಿ ಬಿಕ್ಕಳಿಸತೊಡಗಿತು. ನಮ್ಮ ಬೀದಿಯಲ್ಲಿ ನೀರು ಸಾಲದು ಎಂದು ದೂರು ಬಂದಾಗ ನಮ್ಮ ಸಾಹೇಬರು ನನ್ನನ್ನು ಕರೆದು, “ಪೈಪೇನಾದ್ರೂ ಒಡೆದಿದೆಯೇನ್ರಿ?” ಎಂದು ಕೇಳಿದರು. ನನ್ನ ಸೋದರಳಿಯ ಕುಡಿಯುತ್ತಿದ್ದಾನೆ ಎಂದು ಸರ್ಕಾರಿ ಕಚೇರಿಯಲ್ಲಿ ನಿಂತು ಹೇಗೆ ಹೇಳಲಿ?

ಮೆದುಳಿನ ವಾರದಲ್ಲಿ ಅವನು ಬೆಳಗ್ಗೆ ಎದ್ದು ಜಗಲಿಯ ಟೈಲ್ಸಿನ ಗೆರೆ ಹಿಡಿದು ಕಣ್ಣು ಮುಚ್ಚಿ ನಡೆಯುತ್ತಿದ್ದ. ನಡುವೆ ನಿಂತು ಬೆರಳಿಂದ ಮೂಗಿನ ತುದಿ ಮುಟ್ಟುತ್ತಿದ್ದ. ಕಾಂಪೌಂಡಿನ ಆಚೆ ಹಲ್ಲುಜ್ಜುತ್ತಿದ್ದ ಮೇಷ್ಟ್ರು ಹೌಹಾರಿದರು.

“ಏನಪ್ಪ ಅದು?”

“ಮೆದುಳು ಸರಿಯಿದೆಯಾ ಅಂತ ನೋಡ್ಕೊಳ್ಳೋದು ಮೇಷ್ಟ್ರೇ. ಸರಿಯಿದ್ರೆ ಗೆರೆ ಬಿಟ್ಟು ಹೋಗಲ್ಲ.”

ಮೇಷ್ಟ್ರು ಅತ್ತಿತ್ತ ನೋಡಿ, ಬಾಯಿ ಮುಕ್ಕಳಿಸಿ, ತಮ್ಮ ಅಂಗಳದಲ್ಲಿ ತಾವೂ ಒಂದು ಗೆರೆ ಹಿಡಿದರು. ಸ್ವಲ್ಪ ಹೊತ್ತಿಗೆ ಹೂಕುಂಡಗಳು ಒಡೆದ ಸದ್ದು ಕೇಳಿತು. ಅಂದಿನಿಂದ ಮೆದುಳು ತೆಗೆದುಕೋ ಎಂದು ಅವರು ಹೇಳಿದ್ದಿಲ್ಲ.

ಚರ್ಮದ ವಾರ ನೆನೆದರೆ ಈಗಲೂ ಮೈಯೆಲ್ಲ ನವೆ. ಹುಡುಗ ಕೆರೆದುಕೊಂಡ, ಅವನನ್ನು ನೋಡಿ ಅಕ್ಕ ಕೆರೆದುಕೊಂಡಳು, ಅಕ್ಕನನ್ನು ನೋಡಿ ನಾನು. ‘ಏನು ಬರೀಲಿ ಸಾರ್, ತೀರ್ಮಾನ ಆಯ್ತಾ?’ ಎಂದು ಕೇಳಲು ಬಂದ ಬೋರ್ಡು ಬರೆಯುವವನು, ಇಡೀ ಸಂಸಾರ ಸಾಲಾಗಿ ಕೂತು ಕೆರೆದುಕೊಳ್ಳುವುದನ್ನು ಬಾಗಿಲಲ್ಲಿ ನಿಂತು ನೋಡಿ, ತನ್ನ ಕತ್ತನ್ನೊಮ್ಮೆ ಕೆರೆದುಕೊಂಡು, ಬಣ್ಣದ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದ.

ಇಷ್ಟಾದ ಮೇಲೆ ಹುಡುಗ ಹೆರಿಗೆ ವಿಭಾಗಕ್ಕೆ ಹೊರಟಾಗ ನಾವೆಲ್ಲ ನಿಟ್ಟುಸಿರುಬಿಟ್ಟೆವು. ಅಲ್ಲಿ ಏನೇ ಇದ್ದರೂ ಇವನಿಗೆ ಬರುವಂಥದ್ದಲ್ಲವಲ್ಲ! ನಾಲ್ಕು ದಿನ ಕಳೆದಿರಲಿಲ್ಲ, ಬೆಳಗ್ಗೆ ಬಚ್ಚಲಿನಲ್ಲಿ ವಾಂತಿಯ ಸದ್ದು ಕೇಳಿತು. ಹೊರಗೆ ಬಂದವನು ಸೊಂಟಕ್ಕೆ ಕೈಕೊಟ್ಟು ನಿಂತು, “ಅಮ್ಮ, ಹುಳಿಯಾಗಿ ಏನಾದ್ರೂ ಇದೆಯಾ?” ಎಂದ.

ಅಕ್ಕ ನಿಂತಲ್ಲೇ ಗೋಡೆಗೊರಗಿದಳು. “ಇದೊಂದು ಬಾಕಿ ಇತ್ತು!”

ಅಜ್ಜಿಗೆ ಮಾತ್ರ ಸಿಟ್ಟು ಬಂತು. “ನನ್ನ ಮಂಡಿ ನೋಡೋಕೆ ಇವನಿಗೆ ಪುರಸೊತ್ತಿಲ್ಲ. ಬಸುರಿಯಾಗೋಕೆ ಮಾತ್ರ ಪುರಸೊತ್ತಿದೆ!”

ಆವತ್ತೇ ಭಾವ ನನ್ನನ್ನು ಕರೆದುಕೊಂಡು, ಹೃದಯದ ದೊಡ್ಡ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ತೋಡಿಕೊಂಡರು. ಡಾಕ್ಟರು ನಕ್ಕರು. “ಇದು ಡಾಕ್ಟರಿಕೆ ಓದೋರಿಗೇ ಬರೋ ಕಾಯಿಲೆ. ಓದಿದ್ದೆಲ್ಲಾ ತಮಗೇ ಇದೆ ಅನ್ಸುತ್ತೆ. ನನಗೂ ಬಂದಿತ್ತು. ಮನೆಯವರು ಗಾಬರಿಯಾದಷ್ಟೂ ಜಾಸ್ತಿಯಾಗುತ್ತೆ. ನೋವು ಅಂದ್ರೆ ‘ಹೌದಾ’ ಅನ್ನಿ, ನಿಮ್ಮ ಕೆಲಸ ನೋಡ್ಕೊಳ್ಳಿ. ತಾನಾಗೇ ಹೋಗುತ್ತೆ.”

ಭಾವನವರ ಮನೆಯಲ್ಲಿ ಅಂದಿನಿಂದ ‘ಹೌದಾ’ ಎಂಬುದು ಕಾನೂನಾಯಿತು. “ಅಮ್ಮ, ಎಡಗಣ್ಣು ಮಂಜಾಗ್ತಿದೆ.” “ಹೌದಾ? ಹಾಗಾದ್ರೆ ಬಲಗಣ್ಣಲ್ಲಿ ನೋಡಿ ಆ ದೀಪ ಆರಿಸು.” “ಅಪ್ಪ, ಉಸಿರು ಹಿಡಿದ ಹಾಗಾಗ್ತಿದೆ.” “ಹೌದಾ? ಅಂಗಡಿ ಬೀಗದ ಕೈ ಎಲ್ಲಿಟ್ಟೆ?” ಮೇಷ್ಟ್ರಿಗೂ ಸುದ್ದಿ ಮುಟ್ಟಿಸಿದೆವು. ಅವರು ಶಿಸ್ತಿನ ಮನುಷ್ಯ. ಹುಡುಗ ಬಾಯಿ ತೆರೆಯುವ ಮೊದಲೇ ಕಾಂಪೌಂಡಿನ ಆಚೆಯಿಂದ ಹೌದಾ ಎಂದುಬಿಡುತ್ತಿದ್ದರು.

ಹುಡುಗ ಮೊದಮೊದಲು ಕಕ್ಕಾಬಿಕ್ಕಿಯಾದ. ಆಮೇಲೆ ಮುನಿಸಿಕೊಂಡ. ಕೊನೆಗೆ ಒಂದು ದಿನ ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು, ನಡುಮನೆಯಲ್ಲಿ ನಿಂತು, “ಇನ್ಮೇಲೆ ನನಗೆ ಏನೂ ಆಗಲ್ಲ. ಆದ್ರೂ ಹೇಳಲ್ಲ,” ಎಂದು ಸಾರಿದ. ನಾವು ಗೆದ್ದೆವೆಂದುಕೊಂಡೆವು.

ಸೀಟಿನ ದಿನ ಬಂತು. ಯಾವ ವಿಭಾಗ ಎಂಬುದು ಆವತ್ತು ಬೆಳಗ್ಗೆಯೂ ತೀರ್ಮಾನವಾಗಿರಲಿಲ್ಲ. ಹುಡುಗ ಕೋಣೆಯಿಂದ ಹೊರಗೆ ಬಂದಾಗ ಮುಖ ಸುಣ್ಣದ ಗೋಡೆಯ ಹಾಗಿತ್ತು. ಹೊಟ್ಟೆಯ ಮೇಲೆ ಒಂದು ಕೈ, ನಡುವು ಸ್ವಲ್ಪ ಬಾಗಿತ್ತು.

“ತಿಂಡಿ ತಿನ್ನೋ,” ಎಂದಳು ಅಕ್ಕ.

“ಬೇಡಮ್ಮ.”

“ಏನಾದ್ರೂ ಆಗ್ತಿದೆಯಾ?”

“ಏನಿಲ್ಲಮ್ಮ. ಚೆನ್ನಾಗಿದ್ದೀನಿ.”

ಭಾವ ಹಿಗ್ಗಿಹೋದರು. ತಿಂಗಳುಗಟ್ಟಲೆ ಕಾದ ಮಾತು ಮಗನ ಬಾಯಿಂದ ಬಂದಿತ್ತು. ಅಜ್ಜಿ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಅಯ್ಯೋ, ಈ ಹುಡುಗ ಏನಿಲ್ಲ ಅಂತಿದ್ದಾನಲ್ರೋ! ಏನೋ ಆಗಿದೆ ಇವನಿಗೆ!”

“ಅಮ್ಮ, ಸುಮ್ನಿರಿ. ಒಳ್ಳೇ ಮಾತಾಡಿದಾನೆ, ಕೆಡಿಸ್ಬೇಡಿ,” ಎಂದು ಭಾವ ಮಗನ ಭುಜ ಹಿಡಿದು ಕಾರಿಗೆ ಹತ್ತಿಸಿದರು. ನಾನೂ ಹತ್ತಿದೆ.

ದಾರಿಯಲ್ಲಿ ಕಾರು ಒಂದೊಂದು ಹಳ್ಳಕ್ಕೆ ಇಳಿದಾಗಲೂ ಹುಡುಗ ನನ್ನ ಮೊಣಕೈ ಹಿಚುಕುತ್ತಿದ್ದ. ಕಾಲೇಜಿನ ಗೇಟಿನ ಹತ್ತಿರ ಅಪ್ಪನಿಗೆ ಕೇಳದ ಹಾಗೆ, “ಮಾವ, ಹೊಟ್ಟೆ...” ಎಂದ.

“ಹೌದಾ?” ಎಂದೆ ನಾನು. ಕಾನೂನು ಪಾಲಿಸುವ ಸರ್ಕಾರಿ ನೌಕರನಲ್ಲವೇ!

ಹಾಲಿನ ತುಂಬ ಹೊಸ ಡಾಕ್ಟರುಗಳು, ಅವರ ಪಕ್ಕದಲ್ಲಿ ಅಪ್ಪ ಅಮ್ಮಂದಿರು. ವೇದಿಕೆಯ ಮೇಲೆ ಉದ್ದದ ಮೇಜು, ಅದರ ಹಿಂದೆ ಅಧಿಕಾರಿ. ಒಂದು ಮದುವೆ ಮನೆಯಷ್ಟು ಗದ್ದಲ. ಸೀಟು ಸಿಕ್ಕವರು ಅಲ್ಲೇ ಕೂತು ಬೇರೆಯವರಿಗೆ ಏನು ಸಿಗುತ್ತದೆ ಎಂದು ನೋಡುತ್ತಿದ್ದರು, ಸಿಗದವರು ಉಗುರು ಕಡಿಯುತ್ತಿದ್ದರು. ಮಧ್ಯಾಹ್ನದ ವಿರಾಮಕ್ಕೆ ಸ್ವಲ್ಪ ಮೊದಲು ನಮ್ಮ ನಂಬರು ಕೂಗಿದರು. ಭಾವ ಮಗನ ಕಿವಿಯಲ್ಲಿ “ಮೆಡಿಸಿನ್ ಅಂತ ಹೇಳು, ಆಮೇಲೆ ಹಾರ್ಟು” ಎಂದರು. ಹುಡುಗ ಎದ್ದ. ಮೇಜಿನವರೆಗೂ ಕುರ್ಚಿಗಳನ್ನು ಹಿಡಿದು ಹಿಡಿದು ಹೋದ.

“ಯಾವ ವಿಭಾಗ?” ಎಂದರು ಅಧಿಕಾರಿ, ತಲೆಯೆತ್ತದೆ.

ಅಧಿಕಾರಿ ತಲೆಯೆತ್ತಿದಾಗ ಎದುರಿಗೆ ಯಾರೂ ಇರಲಿಲ್ಲ. ಹುಡುಗ ಮೇಜಿನ ಬುಡದಲ್ಲಿ ಮುದುಡಿ ಬಿದ್ದಿದ್ದ.

ಭಾವನವರು ಅರಚಿಕೊಂಡರು. ಸೀಟಿನ ಮಾತು, ಬೋರ್ಡಿನ ಮಾತು ಎಲ್ಲ ಮರೆತು ವೇದಿಕೆಗೆ ಹಾರಿ, ಮಗನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಇಡೀ ಹಾಲಿಗೆ ಕೇಳುವಂತೆ ಕೂಗಿದರು:

“ಯಾರಾದ್ರೂ ಡಾಕ್ಟರ್ ಇದ್ದೀರಾ? ದಯವಿಟ್ಟು, ಯಾರಾದ್ರೂ ಒಬ್ಬರು ಡಾಕ್ಟರ್ ಇದ್ರೆ ಬನ್ನಿ!”

ಮರುಕ್ಷಣ ಹಾಲಿಗೆ ಹಾಲೇ ಎದ್ದು ನಿಂತಿತು.

ಕುರ್ಚಿಗಳು ಉರುಳಿದವು. ವೇದಿಕೆ ಗಡಗಡ ನಡುಗಿತು. ನೂರು ಕೈಗಳು ಹುಡುಗನ ಮೇಲೆ ಬಂದವು. ಆಗತಾನೆ ಮಕ್ಕಳ ವಿಭಾಗ ಸಿಕ್ಕವನು, “ಇವರಿಗೆ ಚಿಕ್ಕಂದಿನಲ್ಲಿ ಲಸಿಕೆ ಎಲ್ಲಾ ಹಾಕ್ಸಿದ್ರಾ?” ಎಂದು ಭಾವನವರನ್ನು ಕೇಳಿದ. ಮೂಳೆ ಸಿಕ್ಕವನು ಬಿದ್ದಾಗ ಸೊಂಟ ಮುರಿದಿದೆ ಎಂದ. ಕಣ್ಣು ಸಿಕ್ಕವಳು ರೆಪ್ಪೆ ಬಿಡಿಸಿ ದೀಪ ಹಿಡಿದಳು. ಮನಸ್ಸಿನ ವಿಭಾಗ ಸಿಕ್ಕವನು ಎಲ್ಲರನ್ನೂ ಸರಿಸಿ, “ಇದು ಒತ್ತಡ. ಅವರ ತಂದೆಯನ್ನ ಮೊದಲು ದೂರ ಕಳಿಸಿ,” ಎಂದ. ಅಪ್ಪ ಅಮ್ಮಂದಿರು ಸುಮ್ಮನಿರುತ್ತಾರೆಯೇ? ತಮ್ಮ ಮಗ ಹೇಳಿದ್ದೇ ಸರಿ, ತಮ್ಮ ಮಗಳು ಹೇಳಿದ್ದೇ ಸರಿ ಎಂದು ಅವರವರಲ್ಲೇ ತಳ್ಳಾಟ ಶುರುವಾಯಿತು.

ಅಧಿಕಾರಿ ಮೇಜು ಗುದ್ದಿದರು. “ಎಲ್ಲರೂ ಕೂತ್ಕೊಳ್ಳಿ! ಪೇಷೆಂಟನ್ನ ನೋಡೋರು ರ‍್ಯಾಂಕ್ ಪ್ರಕಾರ ಬನ್ನಿ!”

ಈ ನಡುವೆ ಯಾರದೋ ಕಾಲುಗಳ ಸಂದಿಯಿಂದ ಒಬ್ಬ ಹುಡುಗಿ ಮಂಡಿಯೂರಿ ತೆವಳಿಕೊಂಡು ಬಂದಳು. ನಮ್ಮ ನಂಬರಿನ ಮುಂದಿನ ನಂಬರು ಅವಳದು. ಇನ್ನೂ ಯಾವ ವಿಭಾಗವೂ ಸಿಕ್ಕಿರಲಿಲ್ಲ, ಆದ್ದರಿಂದ ಇಡೀ ಮನುಷ್ಯನನ್ನು ನೋಡಬಲ್ಲವಳಾಗಿದ್ದಳು. ಹುಡುಗನ ಹೊಟ್ಟೆಯ ಬಲಭಾಗದ ಕೆಳಗೆ ಮೆಲ್ಲಗೆ ಒತ್ತಿ, ಥಟ್ಟನೆ ಕೈ ಬಿಟ್ಟಳು. ಹುಡುಗ ಕಿಟಾರನೆ ಕಿರುಚಿದ.

“ಅಪೆಂಡಿಕ್ಸ್. ಒಡೆಯೋದ್ರೊಳಗೆ ಎತ್ಕೊಂಡು ನಡೀರಿ,” ಎಂದಳು.

“ಮೊದಲು ವಿಭಾಗ ಹೇಳಲಿ!” ಎಂದರು ಅಧಿಕಾರಿ.

ಭಾವ ತಲೆಯೆತ್ತಿ ನೋಡಿದ ನೋಟಕ್ಕೆ ಅಧಿಕಾರಿಯೂ ಬೆಚ್ಚಿದರು. ನಿಯಮದ ಪುಸ್ತಕ ತಿರುವಿ, ದನಿ ತಗ್ಗಿಸಿ ಹೇಳಿದರು: “ಕಾಯಿಲೆಯಾದ್ರೆ ತಂದೆ ಬಂದು ಹೇಳಬಹುದು ಅಂತ ಇದೆ. ಈಗ ಊಟದ ವಿರಾಮ ಕೊಡ್ತೀನಿ. ವಿರಾಮ ಮುಗಿಯೋದ್ರೊಳಗೆ ಬಂದ್ರೆ ಸರಿ, ಇಲ್ಲಾಂದ್ರೆ ಮುಂದಿನ ನಂಬರ್ ಕೂಗ್ಬೇಕಾಗುತ್ತೆ.”

ಆಸ್ಪತ್ರೆ ಅದೇ ಆವರಣದಲ್ಲಿತ್ತು. ಸ್ಟ್ರೆಚರ್ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ನಾನು ಕಾಲು ಹಿಡಿದೆ, ಭಾವ ತಲೆ ಹಿಡಿದರು, ನಡುವನ್ನು ಬೇರೆ ಬೇರೆ ವಿಭಾಗದವರು ಹಿಡಿದರು. ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಅಕ್ಕನೂ ಅಳುತ್ತ ಬಂದು ಸೇರಿದಳು.

ಆಪರೇಷನ್ ಮಾಡುವ ಸರ್ಜನ್ನರು ಒಂದು ಸಲ ಬಂದು ಹೊಟ್ಟೆ ಮುಟ್ಟಿ, ತಲೆಯಾಡಿಸಿ ಒಳಗೆ ಹೋದರು. ಅವರ ಹಿಂದೆಯೇ ಹಸಿರು ಟೋಪಿ ಹಾಕಿದ ಒಬ್ಬ ಡಾಕ್ಟರಮ್ಮ ಬಂದರು. ಪ್ರಜ್ಞೆ ತಪ್ಪಿಸುವ ಡಾಕ್ಟರು ಅವರು. ನಮ್ಮ ಮೂವರನ್ನೂ ಬೆಂಚಿನ ಮೇಲೆ ಕೂರಿಸಿದರು.

“ಇವರಿಗೆ ಮುಂಚೆ ಏನಾದ್ರೂ ಕಾಯಿಲೆ ಇತ್ತಾ? ಹಾರ್ಟ್ ತೊಂದರೆ?”

“ಇತ್ತು,” ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ.

“ಇತ್ತಾ! ಕಿಡ್ನಿ?”

“ಅದೂ ಇತ್ತು. ಎರಡೂ,” ಎಂದೆ ನಾನು.

ಡಾಕ್ಟರಮ್ಮನ ಪೆನ್ನು ನಿಂತಿತು. “ಬೇರೆ ಏನಾದ್ರೂ?”

“ಮೆದುಳು, ಚರ್ಮ,” ಎಂದರು ಭಾವ. “ಆಮೇಲೆ ಸ್ವಲ್ಪ ದಿನ ಬಸುರು.”

ಡಾಕ್ಟರಮ್ಮ ಎದ್ದು ನಿಂತುಬಿಟ್ಟರು. ಬೇರೆ ಯಾವುದೋ ರೋಗಿಯ ಮನೆಯವರ ಪಕ್ಕ ಕೂತೆನೇ ಎಂಬಂತೆ ಅತ್ತಿತ್ತ ನೋಡಿದರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರಿಗೆ ನಗು ಬಂತು, ಆದರೆ ನಗಲಿಲ್ಲ. “ಹಾಗಾದ್ರೆ ಇವತ್ತೊಂದು ದಿನ ನಿಜವಾದ ಕಾಯಿಲೆ ಬಂದಿದೆ. ಅದನ್ನ ಮಾತ್ರ ಹೇಳ್ಲಿಲ್ಲ,” ಎಂದರು.

ಆ ಮಾತಿಗೆ ಮೂವರೂ ತಲೆ ತಗ್ಗಿಸಿದೆವು. ಹೌದಾ ಎಂದು ಹೇಳಿದ ನಾಲಿಗೆಯನ್ನು ನಾನು ಎಲ್ಲಿಡಲಿ ಎಂದು ತಿಳಿಯಲಿಲ್ಲ.

ಭಾವ ಎದ್ದರು. ವ್ಯಾಪಾರದಲ್ಲಿ ಬಾಯಿ ಸೋತು ಗೊತ್ತಿಲ್ಲದ ಮನುಷ್ಯ, ಕೈ ಮುಗಿದು ನಿಂತರು. ಸಣ್ಣ ದನಿಯಲ್ಲಿ ಕೇಳಿದರು: “ಡಾಕ್ಟರಮ್ಮ, ಎಚ್ಚರ ಆಗುತ್ತಲ್ವಾ ಅವನಿಗೆ?”

“ಆಗುತ್ತೆ ಯಜಮಾನ್ರೇ. ಕುಯ್ಯೋರು ಕುಯ್ದು ಹೋಗ್ತಾರೆ. ಅಷ್ಟು ಹೊತ್ತೂ ನಾನು ಅವರ ತಲೆ ಹತ್ತಿರಾನೇ ಕೂತಿರ್ತೀನಿ. ಎಚ್ಚರ ಮಾಡೋದೇ ನನ್ನ ಕೆಲಸ.”

ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಒಬ್ಬ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಬಂದರು.

“ಎಂಥಾ ಹುಡುಗನ್ರೀ ನಿಮ್ಮದು! ಡಾಕ್ಟರಮ್ಮ ಇನ್ನೂ ಔಷಧೀನೇ ಕೊಟ್ಟಿರ್ಲಿಲ್ಲ. ಮುಖಕ್ಕೆ ಮಾಸ್ಕ್ ಇಟ್ರು, ಬರೀ ಆಮ್ಲಜನಕ. ಅಷ್ಟಕ್ಕೇ ಗೊರಕೆ ಹೊಡೆಯೋಕೆ ಶುರು ಮಾಡ್ಬಿಟ್ರು! ನಮ್ಮ ಡಾಕ್ಟರಮ್ಮ ಹೌಹಾರಿ, ಔಷಧಿ ಕೊಟ್ಟಾಗಿದೆಯಾ ಅಂತ ನಮ್ಮನ್ನೇ ಕೇಳಿದ್ರು.”

ಹುಡುಗನಿಗೆ ಕೊನೆಗೂ ಈ ವಿಭಾಗದ ಕಾಯಿಲೆಯೂ ಬಂದಿತ್ತು. ಅಕ್ಕ ಅಳುವಿನ ನಡುವೆ ನಕ್ಕಳು. “ಎಷ್ಟು ತಿಂಗಳಾಗಿತ್ತೋ ನನ್ನ ಮಗ ಹಾಗೆ ನಿದ್ದೆ ಮಾಡಿ!”

ನಾನು ಗಡಿಯಾರ ನೋಡಿದೆ. ವಿರಾಮ ಮುಗಿಯುತ್ತ ಬಂದಿತ್ತು. “ಭಾವ, ಹಾಲಿಗೆ ಹೋಗ್ಬೇಕು. ಮೆಡಿಸಿನ್ ಅಂತ ಹೇಳ್ಬಿಟ್ಟು ಬರೋಣ. ಇಲ್ಲಾಂದ್ರೆ ವರ್ಷ ಹೋಯ್ತು.”

ಭಾವ ಕೆಂಪು ದೀಪದಿಂದ ಕಣ್ಣು ಕೀಳಲಿಲ್ಲ. ಅಕ್ಕ ಬೆನ್ನು ತಟ್ಟಿದ ಮೇಲೆ ಹೊರಟರು. ನಾವು ಹಾಲಿಗೆ ಓಡಿ ಬಂದಾಗ ಅಧಿಕಾರಿ ಕೈ ಒರೆಸಿಕೊಂಡು ಕುರ್ಚಿಗೆ ಕೂರುತ್ತಿದ್ದರು. ಬದಿಯಲ್ಲಿ ಆ ಹುಡುಗಿ ಸರದಿಗೆ ನಿಂತಿದ್ದಳು. “ಹೇಗಿದ್ದಾರೆ?” ಎಂದು ಕೇಳಿದಳು. ಅಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.

“ಹೇಳಿ ಯಜಮಾನ್ರೇ,” ಎಂದರು ಅಧಿಕಾರಿ. “ನಿಮ್ಮ ಅದೃಷ್ಟ ಚೆನ್ನಾಗಿದೆ. ಮೆಡಿಸಿನ್ನಲ್ಲಿ ಒಂದು ಸೀಟಿದೆ, ಒಂದೇ ಒಂದು. ಅದೇ ತಾನೇ?”

ಹೃದಯಕ್ಕೆ ಹೋಗುವ ದಾರಿ ಭಾವನವರ ಮುಂದೆ ಬಾಗಿಲು ತೆರೆದುಕೊಂಡು ನಿಂತಿತ್ತು. ಬೋರ್ಡಿನಲ್ಲಿ ಜಾಗವೂ ಅಳತೆಯಾಗಿತ್ತು. ನಾನು ಹಿಂದಿನಿಂದ ಮೆಲ್ಲಗೆ ತಿವಿದೆ.

“ಬೇಡ,” ಎಂದರು ಭಾವ. “ಪ್ರಜ್ಞೆ ತಪ್ಪಿಸ್ತಾರಲ್ಲ, ಅದು. ಅದೇನಂತಾರೆ ಅದಕ್ಕೆ?”

“ಅರಿವಳಿಕೆ,” ಎಂದರು ಅಧಿಕಾರಿ, ಕನ್ನಡಕ ಜಾರಿಸಿ ನೋಡುತ್ತ. “ಯೋಚನೆ ಮಾಡಿ ಹೇಳ್ತಿದ್ದೀರಾ?”

ನನಗಂತೂ ಗರಬಡಿದಂತಾಯಿತು. “ಭಾವ! ಏನಿದು? ಅವನಿಗೆ ಗೊತ್ತಾದ್ರೆ? ಬೀದಿಯವರಿಗೆ ಏನಂತ ಹೇಳ್ತೀರಿ?”

ಭಾವ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. “ಆ ಬಾಗಿಲ ಮುಂದೆ ನಿಂತಾಗ ಕುಯ್ಯೋರು ಯಾರು, ಎಷ್ಟು ಓದಿದ್ದಾರೆ, ಏನೂ ಕೇಳ್ಬೇಕು ಅನ್ನಿಸ್ಲಿಲ್ಲ ಕಣಯ್ಯ. ಎಚ್ಚರ ಆಗುತ್ತಾ ಅಂತ ಒಂದೇ ಕೇಳಿದ್ದು. ಆ ಯಮ್ಮ ತಲೆ ಹತ್ತಿರ ಕೂತಿರ್ತೀನಿ ಅಂದ್ರು. ಅಷ್ಟಕ್ಕೇ ನನಗೆ ಜೀವ ಬಂತು. ನನ್ನ ಮಗ ನಾಲ್ಕು ಜನರ ತಲೆ ಹತ್ತಿರ ಕೂತು, ಅವರನ್ನ ಎಬ್ಬಿಸಿ ಕಳಿಸಲಿ. ಸಾಕು.”

ಅಧಿಕಾರಿ ಬರೆದುಕೊಂಡು ಮುದ್ರೆ ಒತ್ತಿದರು. ಮುಂದಿನ ನಂಬರು ಕೂಗಿದರು. ಆ ಹುಡುಗಿ ಮುಂದೆ ಬಂದು, ಮೆಡಿಸಿನ್ನಿನ ಆ ಒಂದೇ ಸೀಟಿಗೆ ತನ್ನ ಹೆಸರು ಬರೆಸಿದಳು. ಹಿಂದಿದ್ದ ಅವಳ ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ಭಾವನವರನ್ನೇ ನೋಡುತ್ತಿದ್ದರು.

ಸಂಜೆ ವಾರ್ಡಿನಲ್ಲಿ ಹುಡುಗ ಕಣ್ಣು ತೆರೆದ. ಡಾಕ್ಟರಮ್ಮ ಮಾತು ಉಳಿಸಿಕೊಂಡಿದ್ದರು. ಅವನ ಕೆನ್ನೆ ತಟ್ಟಿ, ಹೆಸರು ಕೂಗಿ ಎಬ್ಬಿಸಿದವರು ಅವರೇ. ಅವನು ಮೊದಲು ಕೇಳಿದ್ದು ಸೀಟಿನ ವಿಷಯ. ಭಾವ ಕೈ ಹಿಸುಕಿಕೊಳ್ಳುತ್ತ ಹೇಳಿದರು. ಹುಡುಗ ಬಿಟ್ಟ ಕಣ್ಣು ಬಿಟ್ಟಂತೆ ಸೂರು ನೋಡುತ್ತ ಮಲಗಿದ. ಬೈಯುತ್ತಾನೋ ಅಳುತ್ತಾನೋ ಎಂದು ನಾವು ಹತ್ತಿರ ಸರಿದೆವು.

“ಅಪ್ಪ,” ಎಂದ ಕೊನೆಗೆ. “ಆ ವಿಭಾಗದ ಕಾಯಿಲೆ ಬಂದ್ರೆ?”

“ಬಂದು ಹೋಯ್ತು ಮಗನೇ. ಮಾಸ್ಕ್ ಇಟ್ಟ ಕೂಡ್ಲೇ ಬಂತಂತೆ. ಎಬ್ಬಿಸಿದ ಕೂಡ್ಲೇ ವಾಸಿಯಾಯ್ತು.”

ಹುಡುಗ ನಗಲು ಹೋಗಿ ಹೊಲಿಗೆ ಹಿಡಿದುಕೊಂಡ. “ಅಯ್ಯೋ, ನೋವು!” ಎಂದ. ಈ ಸಲ ಯಾರೂ ಹೌದಾ ಎನ್ನಲಿಲ್ಲ. ಮೂವರೂ ಒಟ್ಟಿಗೆ ಎದ್ದೆವು.

ಬೀದಿಯ ಗತಿ ಕೇಳಬೇಡಿ. ಬೋರ್ಡು ಬರೆಯುವವನು ಬಂದು ಅಳತೆ ಹಿಡಿದು, ಅರಿವಳಿಕೆ ಎಂಬುದು ಈ ಜಾಗದಲ್ಲಿ ಕೂರುವುದಿಲ್ಲ ಎಂದ. ಭಾವ, “ಸಣ್ಣದಾಗಿ ಬರೀ. ಬೇಕಾದೋರು ಹತ್ತಿರ ಬಂದು ಓದ್ತಾರೆ,” ಎಂದರು. ಮೇಷ್ಟ್ರು ಹತ್ತಿರ ಬಂದು ಓದಿ, ಅರ್ಥ ಕೇಳಿ ತಿಳಿದುಕೊಂಡು, ನಿಂತಲ್ಲೇ ನಿಂತುಬಿಟ್ಟರು.

“ಜನರಿಗೆ ನಿದ್ದೆ ಬರಿಸೋಕೆ ಮೂರು ವರ್ಷ ಓದಬೇಕೇ? ನಾನು ಸೇರಿದ ಮೊದಲನೇ ದಿನದಿಂದಲೇ ಇಡೀ ತರಗತಿಗೆ ಬರಿಸ್ತಿದ್ದೆನಲ್ಲ!”

“ಆಮೇಲೆ ಎಬ್ಬಿಸ್ಬೇಕು ಮೇಷ್ಟ್ರೇ,” ಎಂದರು ಭಾವ.

ಮೇಷ್ಟ್ರು ಯೋಚಿಸಿದರು. “ಅದಕ್ಕೆ ನಮ್ಮಲ್ಲಿ ಗಂಟೆ ಇತ್ತು,” ಎಂದು ಒಳಗೆ ಹೋದರು.

ಹುಡುಗ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಕ್ಕ ಹಾಸಿಗೆ ಹಾಸಿಟ್ಟಿದ್ದಳು. ಅವನು ಕೋಣೆಗೆ ಹೋಗಲಿಲ್ಲ. ಹೊಲಿಗೆಯ ಮೇಲೆ ಒಂದು ಕೈಯಿಟ್ಟುಕೊಂಡು, ಗೋಡೆ ಹಿಡಿದು, ಮೂಲೆಯ ಕುರ್ಚಿಯವರೆಗೆ ನಡೆದ. ಮುಖ ಸಿಂಡರಿಸಿಕೊಂಡು ಮೆಲ್ಲಗೆ ಮೆಲ್ಲಗೆ ನೆಲದ ಮೇಲೆ ಕೂತ.

“ಕಾಲು ಚಾಚಿ ಅಜ್ಜಿ. ಎಲ್ಲಿ ನೋವು?”

ಅಜ್ಜಿ ಬೆಚ್ಚಿಬಿದ್ದರು. ಭಾವನವರನ್ನು ನೋಡಿದರು, ಅಕ್ಕನನ್ನು ನೋಡಿದರು. “ಏನಾಯ್ತೋ ಇವನಿಗೆ? ಇನ್ನೂ ಮತ್ತು ಇಳಿದಿಲ್ವಾ?” ಎಂದರು. ಆದರೂ ಕಾಲು ಚಾಚಿದರು. ಹುಡುಗ ಆ ಮಂಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಮಡಿಸಿ, ಮೆಲ್ಲಗೆ ಬಿಡಿಸಿ, ಒಳಗಿನ ಸದ್ದಿಗೆ ಕಿವಿಗೊಟ್ಟ. ಏಳುವಾಗ, ಕೂರುವಾಗ, ಮೆಟ್ಟಿಲು ಹತ್ತುವಾಗ ಎಂದು ಒಂದೊಂದೇ ಕೇಳಿದ. ಅಜ್ಜಿ ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಹೇಳಿದರು. ಅವನು ಒಂದು ಸಲವೂ ತನ್ನ ಮಂಡಿ ಮುಟ್ಟಿ ನೋಡಿಕೊಳ್ಳಲಿಲ್ಲ. ಅಕ್ಕ ಬಾಗಿಲಿಗೆ ಒರಗಿ ನಿಂತು ಸುಮ್ಮನೆ ಕಣ್ಣೊರೆಸಿಕೊಂಡಳು.

ನಾನು ಗಂಟಲು ಸರಿಮಾಡಿಕೊಂಡು, ನನ್ನ ಕಲ್ಲಿನ ವಿಷಯ ನೆನಪಿಸಿದೆ.

“ಆಮೇಲೆ ನೋಡ್ತೀನಿ ಮಾವ,” ಎಂದ.